ಎಂಟನೆಯವನು

ಫೋನಿನಲ್ಲಿ ಆಕೆ ಅಂದದ್ದು ಕೇಲಿ.
ನನಗೆ ಕೇಳಿಸಿದ್ದು ಕೇಳಿ.
‘ಕೇಳ್ತಾ ಇದೀನಿ, ಹೇಳಿ ಮೇಡಂ’ ಅಂದೆ.
‘ಅಯ್ಯೋ, ಶನಿವಾರ ಕೇಲಿ ಇದೆ,
ನಮ್ಮ ಪೆಟ್ಟಿಗೆ ಉಸಿರು ಬಿಟ್ಟಿದೆ.’
ಸೊಪ್ಪಿನವಳ ಹತ್ತಿರ ಕಲಿತ ಕನ್ನಡ,
ಮೂವತ್ತು ವರ್ಷದ್ದು, ಚೌಕಾಸಿಗೆ ಮಾತ್ರ ಗಟ್ಟಿ.

ಬಳೇಪೇಟೆಯ ನನ್ನ ಅಂಗಡಿ ಒಂದೇ ಬಾಗಿಲಿನದು.
ಎಡಕ್ಕೆ ತಂಬೂರಿ, ಬಲಕ್ಕೆ ಬ್ಯಾಂಡ್ ಸೆಟ್ಟಿನವರ ಹಿತ್ತಾಳೆ,
ನಡುವೆ ನಾನು, ಮೌನೇಶಾಚಾರಿ,
ಸತ್ತ ಸ್ವರಗಳ ಎದೆ ಬಿಚ್ಚಿ ನೋಡುವವನು.
ಅಕಾರ್ಡಿಯನ್ ಅಂದರೆ ಕೊರಳಿಗೆ ನೇತುಹಾಕಿಕೊಂಡ ಹಾರ್ಮೋನಿಯಂ, ಅಷ್ಟೆ.
ತಿದಿ ಹರಿದಿತ್ತು; ಮೇಕೆ ತೊಗಲು ಹಚ್ಚಿದೆ.
ಜೇನುಮೇಣ ಒಣಗಿತ್ತು; ಕರಗಿಸಿ ಹೊಯ್ದೆ.
ಪಂಚಮಕ್ಕೆ ಮಾತ್ರ ನಾಲಗೆಯೇ ಮುರಿದಿತ್ತು.
ಗ್ಲಾಸ್ಗೋದ ನಾಲಗೆ ಬಳೇಪೇಟೆಯಲ್ಲಿ ಎಲ್ಲಿಂದ ತರಲಿ?

ಅಟ್ಟದಲ್ಲಿತ್ತು ನಮ್ಮಪ್ಪನ ಕಾಲದ ಕಾಲು ಹಾರ್ಮೋನಿಯಂ,
ಮುಚ್ಚಿಹೋದ ನಾಟಕ ಕಂಪನಿ ಬಾಕಿಗೆ ಬಿಟ್ಟುಹೋದದ್ದು.
ಅದರ ಪಂಚಮ ಕಿತ್ತೆ. ಅರದಲ್ಲಿ ಎರಡು ಸಲ ಸವರಿ
ಕೂರಿಸಿದೆ. ಒತ್ತಿದೆ. ಸ್ವಲ್ಪ ಮೂಗಿನಲ್ಲಿ ಮಾತಾಡಿತು.
ಇರಲಿ ಬಿಡು, ಕುಣಿಯೋರಿಗೆ ಯಾರಿಗೆ ಗೊತ್ತಾಗುತ್ತೆ.

ಕುಕ್ ಟೌನು. ಚರ್ಚಿನ ಹಿಂದಿನ ಹಜಾರ.
ಮಡಿಚುವ ಕುರ್ಚಿಗಳು ಗೋಡೆಗೆ ಒರಗಿದ್ದವು.
ರೈಲ್ವೆ ಫಿಟ್ಟರಾಗಿ ರಿಟೈರಾದ ಡೆಸ್ಮಂಡ್
ಪಿಟೀಲನ್ನು ಗಲ್ಲಕ್ಕಲ್ಲ, ಎದೆಗೆ ಒತ್ತಿಕೊಂಡಿದ್ದ,
ಹೆಚ್ಚು ಕಡಿಮೆ ನಮ್ಮವರ ಹಾಗೆ.
ಮೊರಾಗ್ ಮೇಡಂ ಪೆಟ್ಟಿಗೆ ತೊಟ್ಟು, ಒಮ್ಮೆ ಎಳೆದು, ನನ್ನತ್ತ ನೋಡಿದರು.
ನಾನು ಬಿಲ್ಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ.

‘ಒಂದು ಚೌಕಕ್ಕೆ ಎಂಟು ಜನ. ಏಳೇ ಆಗಿದೀವಿ.’
ಕರೆದದ್ದು ನನ್ನನ್ನೆಂದು ತಿಳಿಯಲು ಹೊತ್ತು ಹಿಡಿಯಿತು.
‘ನನಗೆ ಬರಲ್ಲ.’
‘ಯಾರಿಗೆ ಬರತ್ತೆ!’ ಅಂದಳು ಒಬ್ಬ ಹುಡುಗಿ,
ಲಿಂಗರಾಜಪುರದ ನರ್ಸಂತೆ,
ನೈಟ್ ಡ್ಯೂಟಿಗೆ ಇನ್ನೂ ಒಂದು ಗಂಟೆ ಇದೆಯಂತೆ.
ಚಪ್ಪಲಿ ಬಿಟ್ಟೆ.

ತಕಿಟ ತಕಿಟ ತಕಿಟ ತಕಿಟ
ಅರೆ, ಇದು ತಿಶ್ರ, ನಮ್ಮದೇ ತಿಶ್ರ,
ಕೋಟು ಹಾಕಿಕೊಂಡು ಬಂದಿದೆ!
ಬಲಗೈ ಕೊಡಿ, ತಿರುಗಿ.
ಎಡಗೈ ಕೊಡಿ, ಮುಂದಿನವರಿಗೆ ಹೋಗಿ.
ಕೋಲಿಲ್ಲದ ಕೋಲಾಟ, ಅಂಗೈಯೇ ಕೋಲು.
ಮೇಣ ಮೆತ್ತಿದ ನನ್ನ ಬೆರಳು ಯಾರೂ ನೋಡಲಿಲ್ಲ.
ಒಂದು ಕೈಗೆ ಸ್ಪಿರಿಟ್ಟಿನ ವಾಸನೆ, ಒಂದಕ್ಕೆ ಸಮೋಸದ ಜಿಡ್ಡು,
ಒಬ್ಬ ಮುದುಕಿಯ ಕೈ ಎಲೆಯಷ್ಟು ಹಗುರ,
ಹಿಡಿತ ಮಾತ್ರ ಇಕ್ಕಳ.
ಅರವತ್ತೊಂದು ವರ್ಷದಲ್ಲಿ ಇಷ್ಟು ಜನ
ಒಂದೇ ಸಂಜೆ ನನ್ನ ಕೈ ಹಿಡಿದದ್ದಿಲ್ಲ.
ಮೂರನೇ ಸುತ್ತಿಗೆ ದಿಕ್ಕು ತಪ್ಪಿ ಕುರ್ಚಿಗಳಿಗೆ ಡಿಕ್ಕಿ.
ಸಾಲಾಗಿ ಬಿದ್ದವು. ಪಿಟೀಲು ನಿಲ್ಲಲಿಲ್ಲ.

ಆಗ ಕೇಳಿಸಿತು.
ಸ್ವರಗಳ ಓಟದ ನಡುವೆ, ಸ್ವಲ್ಪ ಮೂಗಿನಲ್ಲಿ,
ನನ್ನ ಪಂಚಮ.
ರಾತ್ರಿಯೆಲ್ಲ ದ್ರೌಪದಿಗಾಗಿ ಅತ್ತದ್ದು ಅದು,
ಗ್ಯಾಸ್‌ಲೈಟಿನ ಬೆಳಕಲ್ಲಿ, ನಾಲ್ಕಾಣೆ ಟಿಕೆಟ್ಟಿನವರ ಮುಂದೆ.
ಈಗ ನೋಡು, ಸಿಳ್ಳೆ ಹಾಕಿಕೊಂಡು ಬೇಲಿ ಹಾರುತ್ತಿದೆ.
ಪ್ರತಿ ಸುತ್ತಿಗೂ ಬಂದು
ನನಗೊಬ್ಬನಿಗೇ ಕಣ್ಣು ಹೊಡೆದು ಹೋಯಿತು.

ಚಹಾ ಕುಡಿಯುವಾಗ ಮೇಡಂ ಹೇಳಿದರು:
ಆ ಪದಕ್ಕೆ ಮೊದಲು ಕುಣಿತ ಅನ್ನುವ ಅರ್ಥವೇ ಇರಲಿಲ್ಲವಂತೆ.
ಚಳಿಗಾಲದ ರಾತ್ರಿ ಪಕ್ಕದ ಮನೆಗೆ ಹೋಗಿ ಕೂರುವುದು, ಅಷ್ಟೇ.
ಕಥೆ ಇದ್ದವರು ಕಥೆ, ಪಿಟೀಲು ಇದ್ದವರು ಪಿಟೀಲು,
ಏನೂ ಇಲ್ಲದವರು ಒಲೆಯ ಹತ್ತಿರದ ಜಾಗ ಬಿಟ್ಟುಕೊಟ್ಟರೆ ಸಾಕು.
ನಮ್ಮಲ್ಲೂ ಇದೆ ಮೇಡಂ, ಅಂದೆ.
ಕೇಳಿ ಅಂದರೆ ಆಟ, ಜಲಕೇಳಿ ಅಂತೀವಲ್ಲ.
ಕೇಳಿ ಅಂದರೆ ಕಿವಿಗೊಡಿ ಅಂತಲೂ.
‘ಎರಡೂ ಒಂದೇನಾ?’
ಒಂದೇ ಇರಬೇಕು, ಇವತ್ತಿನ ಮಟ್ಟಿಗೆ.

ಶಿವಾಜಿನಗರ ದಾಟಿದ ಮೇಲೆ ಬಸ್ಸಿನಲ್ಲಿ
ಚಿಲ್ಲರೆಗೆ ಜೇಬಿಗೆ ಕೈ ಹಾಕಿದರೆ
ಬೆವರಿಗೆ ಒದ್ದೆಯಾದ ಬಿಲ್ಲು.
ತೊಗಲು, ಮೇಣ, ಕೂಲಿ.
ಪಂಚಮಕ್ಕೆ ಬೆಲೆ ಬರೆದಿರಲೇ ಇಲ್ಲ.
ದುಡ್ಡಿಗೆ ಇನ್ನೊಮ್ಮೆ ಹೋಗಬೇಕು.
ಅವಸರವೇನಿಲ್ಲ.
ಮುಂದಿನ ತಿಂಗಳೂ ಏಳೇ ಜನ ಆಗಬಹುದು.